ಶಿವಾನಿಯ ಎಡಗೈ

ಮಕ್ಕಳಿಗೆ ಕರಾಟೆ ಕಲಿಸಲು ಹೊಸದಾಗಿ ಬರುವವರು ನನ್ನನ್ನು ಕೇಳುವುದು ಎರಡೇ ಪ್ರಶ್ನೆ. ಯಾವ ವಯಸ್ಸಿಗೆ ಯಾವ ಬೆಲ್ಟು ಕೊಡಬೇಕು? ಅಂಜುವ ಮಗುವನ್ನು ಮುಂದೆ ತರುವುದು ಹೇಗೆ? ಮೊದಲನೆಯದಕ್ಕೆ ಪುಸ್ತಕಗಳಿವೆ. ಎರಡನೆಯದಕ್ಕೆ ನಾನು ನೌಕರಿಯ ಉದ್ದಕ್ಕೂ ಒಂದೇ ಉತ್ತರ ಕೊಡುತ್ತ ಬಂದೆ: ಕೈ ಮೇಲೆತ್ತಿಸಿ, ದನಿ ಏರಿಸಿ, ಯಾರನ್ನೂ ನಂಬಬಾರದೆಂದು ಕಲಿಸಿ. ಆ ಉತ್ತರದಿಂದಾಗಿ ಉಮರ್ಗಾದ ಹೆದ್ದಾರಿ ಪಕ್ಕದಲ್ಲಿ ಒಬ್ಬ ಮುದುಕನ ಜೀವ ಹೋಗುವುದಿತ್ತು. ಹೋಗಲಿಲ್ಲ. ತಡೆದವಳು ನಾನಲ್ಲ. ಅದನ್ನು ಬರೆಯಲೆಂದೇ ಕೂತಿದ್ದೇನೆ. ನಡುವೆ ಬೇರೆ ಸಂಗತಿಗಳೂ ನುಸುಳುತ್ತವೆ, ನಿವೃತ್ತಳ ಹರಟೆ ಎಂದು ಸಹಿಸಿಕೊಳ್ಳಿ.

ನನ್ನ ತವರು ಮುರುಮ, ಕರ್ನಾಟಕದ ಗಡಿಗೆ ಹತ್ತಿದ ಮರಾಠಿ ಸೀಮೆ. ಅಪ್ಪನದು ಬಟ್ಟೆ ಅಂಗಡಿ. ಮನೆಯೊಳಗೆ ಕನ್ನಡ, ಗಲ್ಲಾಪೆಟ್ಟಿಗೆಯ ಮುಂದೆ ಮರಾಠಿ. ಕಲಬುರ್ಗಿಯಲ್ಲಿ ಬಿ.ಎ. ಮುಗಿಸಿ, ದೈಹಿಕ ಶಿಕ್ಷಣದ ತರಬೇತಿಗೆ ಉದಗೀರಕ್ಕೆ ಹೋದೆ. ಕರಾಟೆ ಕಲಿತದ್ದು ಅಲ್ಲಿ. ಕಲಿಸುವ ಮಾಸ್ತರರ ಕೈಯಲ್ಲಿ ಸದಾ ಒಂದು ಬೆತ್ತ. ಮೊದಲ ದಿನವೇ ಅವರು, "ಕೊರಳಲ್ಲಿ ಏನಿದ್ದರೂ ತೆಗೆಯಿರಿ, ಎದುರಾಳಿ ಹಿಡಿದು ಎಳೆದರೆ ಸಾಯುತ್ತೀರಿ" ಎಂದರು. ನಾನು ಹುಟ್ಟಿದಾಗಿನಿಂದ ಕೊರಳಲ್ಲಿದ್ದ ಲಿಂಗವನ್ನು ತೆಗೆದು ಟ್ರಂಕಿನಲ್ಲಿಟ್ಟೆ. ಮೊದಮೊದಲು ತರಗತಿ ಮುಗಿದ ಮೇಲೆ ಮತ್ತೆ ಕಟ್ಟಿಕೊಳ್ಳುತ್ತಿದ್ದೆ. ಆಮೇಲೆ ಭಾನುವಾರಗಳಲ್ಲಿ. ಆಮೇಲೆ ಅದು ಕಪಾಟಿನ ಮೇಲಿನ ಖಾನೆ ಸೇರಿತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೊದಲ ನೌಕರಿ ನಿಲಂಗಾದಲ್ಲಿ. ಶಾಲೆಯ ವಾರ್ಷಿಕ ಸ್ನೇಹ ಸಮ್ಮೇಳನದ ದಿನ ಕೈಯಿಂದ ಹಂಚು ಒಡೆದು ತೋರಿಸಬೇಕೆಂದು ಹೆಡ್ ಸರ್ ಅವರ ಅಪ್ಪಣೆಯಾಯಿತು. ಒಂದರ ಮೇಲೊಂದು ಐದು ಹಂಚು. ಒಡೆಯುವ ಹಂಚನ್ನು ಮೊದಲೇ ಆರಿಸಿ, ಬಿಸಿಲಿಗೆ ಒಣಗಿಸಿ ಇಡಬೇಕೆಂಬುದು ನಮ್ಮ ಕಸುಬಿನ ಗುಟ್ಟು. ಜವಾನ ತಂದಿಟ್ಟದ್ದು ಯಾರದೋ ಹೊಸ ಮನೆಗೆ ಬಂದಿದ್ದ ಗಟ್ಟಿ ಮಾಲು. ಎರಡು ಒಡೆದವು. ಮೂರನೆಯದು ಒಡೆಯಲಿಲ್ಲ, ನನ್ನ ಕೈ ಬದನೆಕಾಯಿಯಂತೆ ಊದಿತು. ಮುಂದಿನ ಸಾಲಿನಲ್ಲಿದ್ದ ಒಬ್ಬ ಮುದುಕಿ ಎಲ್ಲರಿಗೂ ಕೇಳುವಂತೆ, "ಅಯ್ಯ ತಂಗಿ, ಆ ಹಂಚ ನಿನಗೇನ ಮಾಡಿತ್ತವ? ಸುಮ್ನ ಕುಂತದ್ದಕ್ಕ ಹೊಡಿತೀದಿ" ಅಂದಳು. ಸಭೆಯೆಲ್ಲ ನಕ್ಕಿತು. ಆ ಮಾತನ್ನು ಆಗಲೇ ಮನಸ್ಸಿಗೆ ತೆಗೆದುಕೊಳ್ಳಬೇಕಿತ್ತು.

ಅದೇ ಊರಿನಲ್ಲಿ ಇನ್ನೊಂದು ಘಟನೆ. ಶಾಲೆಯ ಗೇಟಿನ ಎದುರು ಒಬ್ಬ ಮನುಷ್ಯ ಮೂರು ದಿನ ಬೈಕಿನ ಮೇಲೆ ಕುಳಿತದ್ದನ್ನು ಕಂಡೆ. ಕೇಳಿದರೆ, "ತಂಗಿನ್ನ ಕರಕೊಂಡ ಹೋಗ್ಲಾಕ ಬಂದೀನ್ರಿ" ಅಂದ. ಯಾವ ತಂಗಿಯೂ ಅವನ ಬೈಕು ಹತ್ತಿದ್ದನ್ನು ನಾನು ನೋಡಿರಲಿಲ್ಲ. ಪೊಲೀಸರಿಗೆ ತಿಳಿಸಿದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳನ್ನು ಅವನು ತಿಂಗಳಿಂದ ಬೆನ್ನಟ್ಟುತ್ತಿದ್ದನೆಂದು ಹೊರಬಿತ್ತು. ಹೆಡ್ ಸರ್ ಸಿಬ್ಬಂದಿಯ ಮುಂದೆ ಹೊಗಳಿದರು: "ಮ್ಯಾಡಮ್ ಅವರ ಕಣ್ಣು ಹದ್ದಿನ ಕಣ್ಣು." ಅಂದಿನಿಂದ ನನಗೆ ಅನುಮಾನ ಬರೀ ಅಭ್ಯಾಸವಾಗಿ ಉಳಿಯಲಿಲ್ಲ, ವಿದ್ಯೆಯಾಯಿತು. ಒಮ್ಮೆ ಸರಿಯಾದ ಅನುಮಾನ ಮನುಷ್ಯನನ್ನು ಎಷ್ಟು ಕೆಡಿಸುತ್ತದೆ ಎಂಬುದನ್ನು ಹೊಸಬರು ತಿಳಿದಿರಬೇಕು.

ಉಮರ್ಗಾಕ್ಕೆ ಬರುವ ಹೊತ್ತಿಗೆ ಕಲಿಸುವ ರೀತಿ ಬದಲಾಗಿತ್ತು. ಬೆತ್ತ ಹೋಯಿತು. ಜಲ್ಲಿಯ ಮೇಲೆ ಮುಷ್ಟಿಯೂರಿ ದಂಡ ಹೊಡೆಸುವುದು ಹೋಯಿತು. ಅದರ ಬದಲು ದನಿ ಕಲಿಸುವುದು ಬಂತು. ಅಪರಿಚಿತರು ಹತ್ತಿರ ಬಂದರೆ ಕಾಲೂರಿ ನಿಂತು, ಅಂಗೈ ಮುಂದೆ ಚಾಚಿ, ಹೊಟ್ಟೆಯಿಂದ "ಥಾಂಬಾ!" ಎಂದು ಕೂಗಬೇಕು. ನಿಲ್ಲು ಎಂಬುದಕ್ಕೆ ಮರಾಠಿ. ನಾನು ಇನ್ನೊಂದು ಹೆಜ್ಜೆ ಮುಂದೆ ಹೋದೆ. ಗೇಟಿನ ಹೊರಗಿನ ಚಹಾದ ಅಂಗಡಿ, ಪಂಕ್ಚರ್ ಅಂಗಡಿ, ಕಬ್ಬಿನ ಹಾಲು ಮಾರುವ ರಸವಂತಿ, ಎಲ್ಲರಿಗೂ ಹೇಳಿಟ್ಟೆ: ಮೂರು ಸಲ ಶೀಟಿ ಕೇಳಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿ ಬರಬೇಕು. ಅವರು ಒಪ್ಪಿದರು. ಎರಡು ಸಲ ತಾಲೀಮು ಮಾಡಿಸಿದೆ. ಎರಡೂ ಸಲ ನಿಮಿಷದೊಳಗೆ ಬಂದರು. ನನಗೆ ಹೆಮ್ಮೆಯೋ ಹೆಮ್ಮೆ.

ನಿವೃತ್ತಿಗೆ ಎರಡು ವರ್ಷ ಇದ್ದಾಗ ಶಿವಾನಿ ಬಂದಳು. ಐದನೆಯ ತರಗತಿ. ಗುಂಜೋಟಿಯ ಹೊಲಮನೆಯವರು, ತಂದೆಗೆ ಉಮರ್ಗಾದ ಪೇಟೆಯಲ್ಲಿ ಕಾಳಿನ ವ್ಯಾಪಾರ. ತಾಯಿ ಕೈಹಿಡಿದು ಕರೆತಂದು ನಿಲ್ಲಿಸಿದರು.

"ಭಾಳ ಅಂಜಬುರಕಿ ಅದ ಮ್ಯಾಡಮ್. ಕ್ಲಾಸಿನ್ಯಾಗ ಯಾರರ ಪೆನ್ಸಿಲ್ ಕಸ್ಕೊಂಡ್ರ ಕೇಳಲ್ಲ. ಬಾಯಿಗಿ ಬೀಗ ಹಾಕ್ಯಾಳ. ನೀವರ ತೆಗೀರಿ."

"ನಾ ಇರೋದು ಮತ್ತ್ಯಾತಕ್ಕ?" ಎಂದೆ.

ಹುಡುಗಿ ನೆಲ ನೋಡುತ್ತಿದ್ದಳು. ಎಡಗೈ ಮುಷ್ಟಿ ಎದೆಗೆ ಅಂಟಿತ್ತು. ಅಂಗಿಯೊಳಗೆ ಏನೋ ಉಬ್ಬಿತ್ತು. ಶಿವದಾರ ಕತ್ತಿನ ಬಳಿ ಇಣುಕುತ್ತಿತ್ತು. ನನ್ನ ನಿಯಮ ಉದಗೀರದ ಮಾಸ್ತರರದೇ. ಸರ, ತಾಯಿತ, ತುಳಸಿಮಣಿ, ಶಿವದಾರ, ಏನೇ ಇರಲಿ, ಮೈದಾನಕ್ಕೆ ಇಳಿಯುವ ಮುಂಚೆ ತೆಗೆಯಬೇಕು. ಹೇಳಿದೆ. ಅವಳು ತಲೆಯಾಡಿಸಿದಳು. ಮರುದಿನದಿಂದ ಕೊರಳು ಖಾಲಿ. ಆದರೆ ಎಡಗೈ ಎದೆಯಿಂದ ಇಳಿಯಲಿಲ್ಲ.

ಗುದ್ದನ್ನು ತಡೆಯಲು ಎರಡೂ ಕೈ ಗಲ್ಲದ ಎತ್ತರಕ್ಕೆ ಇರಬೇಕು. ಶಿವಾನಿಯ ಬಲಗೈ ಬರುತ್ತಿತ್ತು, ಎಡಗೈ ತೋಳನ್ನು ಪಕ್ಕೆಗೆ ಒತ್ತಿಕೊಂಡು ಎದೆಯ ಹತ್ತಿರವೇ ಉಳಿಯುತ್ತಿತ್ತು. "ಶಿವಾನಿ, ಕೈ ಮ್ಯಾಲ!" ಆರು ತಿಂಗಳು ನಾನು ಆ ಮೈದಾನದಲ್ಲಿ ಬೇರೆ ಯಾವ ಮಾತನ್ನೂ ಅಷ್ಟು ಸಲ ಆಡಿಲ್ಲ. ಕೊನೆಗೆ ಉಳಿದ ಮಕ್ಕಳೂ ಅವಳು ಬಂದಕೂಡಲೇ ನನ್ನ ದನಿಯಲ್ಲೇ, "ಶಿವಾನಿ, ಕೈ ಮ್ಯಾಲ!" ಎಂದು ಅಣಕಿಸತೊಡಗಿದರು. "ಥಾಂಬಾ" ಎಂದು ಕೂಗಿಸಿದರೆ ಬೆಕ್ಕಿನ ಮರಿಯ ದನಿ.

ಒಂದು ದಿನ ತರಗತಿ ಮುಗಿದು ಅವಳು ಚೀಲ ಹೆಗಲಿಗೇರಿಸುವಾಗ ಎಡ ತೋಳಿನ ಸುತ್ತ ಕೆಂಪುನೀಲಿ ಗೆರೆ ಕಂಡಿತು. ದಾರದಿಂದ ಬಿಗಿದಂಥ ಗುರುತು.

"ಏನಿದು?"

"ಏನಿಲ್ರಿ."

"ಯಾರರ ಕಟ್ಟಿ ಹಾಕ್ತಾರೇನ ಮನ್ಯಾಗ?"

ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಕಣ್ಣಲ್ಲಿ ನೀರು ತುಂಬಿತು. ನನಗೆ ಅಷ್ಟು ಸಾಕಾಯಿತು. ಅಂದೇ ಸಂಜೆ ಅವರ ಮನೆಗೆ ಹೋದೆ. ಚಹಾ ಕುಡಿಯುತ್ತ ಸುತ್ತಮುತ್ತ ಕಣ್ಣಾಡಿಸಿದೆ: ಎಲ್ಲಿ ಹಗ್ಗ ಇದೆ, ಯಾವ ಕೋಣೆಗೆ ಚಿಲಕ ಹೊರಗಿದೆ. ತಾಯಿಯನ್ನು ಪಕ್ಕಕ್ಕೆ ಕರೆದು ಕೇಳಿದೆ. ಒಳಗಿನಿಂದ ಶಿವಾನಿಯ ಅಜ್ಜಿ ಹೊರಬಂದರು. ಮನೆಯವರೆಲ್ಲ ಆಯಿ ಎಂದು ಕರೆಯುವ, ಬೆನ್ನು ನೆಟ್ಟಗಿದ್ದ ಹೆಣ್ಣುಮಗಳು.

"ಕೂಸಿಗಿ ನಾವು ಕಟ್ಟಿ ಹೊಡಿತೀವಿ ಅಂತೀರೇನ್ರಿ? ನಮ್ಮ ಮನ್ಯಾಗ ದನಕ್ಕರೆ ಕಟ್ಟಿ ಹೊಡಿಯಂಗಿಲ್ಲ. ನೀವು ಕಲಿಸ್ಲಾಕ ಬಂದೀರೋ, ಪಂಚನಾಮಾ ಮಾಡ್ಲಾಕ ಬಂದೀರೋ?"

ಶಿವಾನಿ ಬಾಗಿಲ ಹಿಂದೆ ನಿಂತು ಎಲ್ಲ ಕೇಳುತ್ತಿದ್ದಳು. ಅವಳೊಂದು ಮಾತು ಆಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆಡಲಿಲ್ಲ. ನಾನು ಹೊರಬರುತ್ತ ಯೋಚಿಸಿದೆ: ಇಷ್ಟು ಜೋರು ಮಾತಾಡುವವರು ಏನನ್ನೋ ಮುಚ್ಚುತ್ತಿದ್ದಾರೆ.

ಅದೇ ಚಳಿಗಾಲದಲ್ಲಿ ಫೋನುಗಳಲ್ಲಿ ಆ ಸಂದೇಶ ತಿರುಗತೊಡಗಿತು. ಗಡಿಯಾಚೆಯಿಂದ ಮಕ್ಕಳನ್ನು ಎತ್ತಿಕೊಂಡು ಹೋಗುವ ಟೋಳಿ ಬಂದಿದೆ, ಸಾಧುಗಳ ವೇಷದಲ್ಲಿ ಬರುತ್ತಾರೆ, ಬೂದಿ ಹಚ್ಚಿ ಮಂಕು ಹಿಡಿಸುತ್ತಾರೆ, ಎಲ್ಲರಿಗೂ ಕಳಿಸಿ. ಓದು ಬರಹ ಬಲ್ಲವಳು ನಾನು. ಇದನ್ನು ಯಾರು ಬರೆದರು, ಎಲ್ಲಿ ನಡೆಯಿತು ಎಂದು ಒಂದು ಸಲವಾದರೂ ಕೇಳಬೇಕಿತ್ತು. ಕೇಳಲಿಲ್ಲ. ಪಾಲಕರ ಗುಂಪಿಗೆ ನಾನೇ ಕಳಿಸಿದೆ, ಕೆಳಗೆ ಎರಡು ಸಾಲು ಸ್ವಂತದ್ದು ಸೇರಿಸಿ: ‘ಎಚ್ಚರವಿರಲಿ. ಶಾಲೆಯ ಸುತ್ತ ನಮ್ಮ ಶೀಟಿ ವ್ಯವಸ್ಥೆ ಇದೆ.’

ಆ ದಿನ ತರಗತಿ ಮುಗಿದಾಗ ಸಂಜೆ ಐದು ಗಂಟೆಯಾಗಿತ್ತು. ಕಬ್ಬಿನ ಹಂಗಾಮು. ಮುರುಮದ ಕಡೆ ಹೊರಟ ಟ್ರ್ಯಾಕ್ಟರುಗಳು ಗೇಟಿನ ಮುಂದೆ ಸಾಲುಗಟ್ಟಿದ್ದವು. ಶಿವಾನಿ ಎಂದಿನಂತೆ ಅಪ್ಪನ ಬೈಕಿಗಾಗಿ ಕಾಯಲು ಹೊರಗಿನ ಬೇವಿನ ಮರದ ಕೆಳಗೆ ಹೋಗಿದ್ದಳು. ನಾನು ಸಾಮಾನಿನ ಕೋಣೆಗೆ ಬೀಗ ಹಾಕಿ ತಿರುಗಿದೆ.

ಗೇಟಿನ ಸರಳುಗಳ ನಡುವೆ ಕಂಡದ್ದು ಇಷ್ಟು. ಕಾವಿ ಬಟ್ಟೆಯ, ಬಿಳಿ ಗಡ್ಡದ ಅಪರಿಚಿತನೊಬ್ಬ ಶಿವಾನಿಯ ಮೇಲೆ ಬಗ್ಗಿದ್ದಾನೆ. ಅವನ ಎರಡೂ ಕೈ ಅವಳ ಕೊರಳಲ್ಲಿವೆ. ಕೈಯಲ್ಲಿ ದಾರ. ದಾರದ ಒಂದು ತುದಿ ಅವನ ಹಲ್ಲಿನಲ್ಲಿ. ಹೆಗಲಲ್ಲಿ ಜೋಳಿಗೆ. ಹುಡುಗಿ ಅಲುಗಾಡದೆ ನಿಂತಿದ್ದಾಳೆ.

ಇದನ್ನು ನಾನು ಎಷ್ಟು ಸಲ ಮತ್ತೆ ನೋಡಿದ್ದೇನೋ ಲೆಕ್ಕವಿಲ್ಲ. ಹಾಲು ಕಾಯಿಸುವಾಗ ನೋಡುತ್ತೇನೆ, ಬಸ್ಸಿನ ಕಿಟಕಿಯಲ್ಲಿ ನೋಡುತ್ತೇನೆ. ಪ್ರತಿಸಲವೂ ಒಂದು ಹೆಜ್ಜೆ ಮುಂದಿಟ್ಟು "ಯಾರ್ರೀ ನೀವು?" ಎಂದು ಕೇಳುತ್ತೇನೆ. ಅಂದು ಕೇಳಲಿಲ್ಲ. ಶೀಟಿ ಊದಿದೆ. ಮೂರು ಸಲ. ಆಮೇಲೆ ಕೂಗಿದೆ: "ಧರಾ ತ್ಯಾಲಾ! ಹಿಡೀರಿ ಅವಂಗ!"

ವ್ಯವಸ್ಥೆ ಕೆಲಸ ಮಾಡಿತು. ಚಹಾದವರು, ಪಂಕ್ಚರಿನವರು, ರಸವಂತಿಯವರು, ಅವರ ಹಿಂದೆ ನಾನು ಎಂದೂ ಕಂಡಿರದ ಡ್ರೈವರುಗಳು, ಬೈಕಿನವರು. ನಾನು ಗೇಟು ದಾಟುವಷ್ಟರಲ್ಲಿ ಮೂವತ್ತು ನಲವತ್ತು ಜನ. ಮುದುಕನ ರುಮಾಲು ನೆಲದ ಮೇಲಿತ್ತು. ಯಾರೋ "ಆಧಾರ ದಾಖವ, ತೋರಸು!" ಎಂದು ಜೇಬಿನಿಂದ ಕಾರ್ಡು ಕಿತ್ತರು. ವಿಳಾಸ ಆಳಂದದ ಕಡೆಯದು. "ಕರ್ನಾಟಕಾಚಾ ಆಹೆ!" ಗಡಿಯಾಚೆಯವನು. ಸಂದೇಶದಲ್ಲಿ ಇದ್ದದ್ದೂ ಅದೇ. ಜೋಳಿಗೆ ಬೋರಲು ಹಾಕಿದರು. ದಾರದ ಉಂಡೆಗಳು, ಮಕ್ಕಳ ಕೊರಳಿಗೆ ಹಾಕುವಂಥ ಪುಟ್ಟ ಪುಟ್ಟ ಬಟ್ಟೆಯ ಗಂಟುಗಳು, ವಿಭೂತಿಯ ಗಟ್ಟಿ.

"ಬಘಾ, ನೋಡ್ರಿ, ಬೂದಿ!"

ವಿಭೂತಿ ಎಂದರೇನೆಂದು ಗೊತ್ತಿರದವರು ಆ ಗುಂಪಿನಲ್ಲಿ ಎಷ್ಟು ಜನರಿದ್ದರೋ. ನನಗಂತೂ ಗೊತ್ತಿತ್ತು. ನಮ್ಮ ಅಪ್ಪ ಬೆಳಿಗ್ಗೆ ಅದನ್ನು ಹಚ್ಚದೆ ಅಂಗಡಿ ತೆರೆದವರಲ್ಲ. ಆದರೂ ಆ ಗಳಿಗೆಯಲ್ಲಿ ನನ್ನ ಕಣ್ಣಿಗೂ ಅದು ಮಂಕುಬೂದಿಯೇ ಆಗಿತ್ತು.

ಒಬ್ಬ ಟ್ರಾಲಿಯಿಂದ ಕಬ್ಬು ಎಳೆದ. ಮೊದಲ ಏಟು ಮುದುಕನ ಹೆಗಲಿಗೆ ಬಿತ್ತು. ಅವನು ಕೈಯೆತ್ತಿ ತಲೆ ಕಾಯ್ದುಕೊಳ್ಳಬೇಕಿತ್ತು. ಯಾರಾದರೂ ಹಾಗೇ ಮಾಡುತ್ತಾರೆ. ಅವನು ಎತ್ತಲಿಲ್ಲ. ಎಡಗೈ ಮುಷ್ಟಿ ಕಟ್ಟಿ ಎದೆಗೆ ಒತ್ತಿಕೊಂಡಿದ್ದ, ಅದರ ಮೇಲೆ ಬಲಗೈ ಮುಚ್ಚಿಕೊಂಡಿದ್ದ.

"ಮುಠೀತ ಕಾಯ್ ಆಹೆ? ಮುಷ್ಟಿ ಬಿಚ್ಚೋ!"

ಅವನು ಬಿಚ್ಚಲಿಲ್ಲ. ಎರಡನೆಯ ಏಟು ಬೆನ್ನಿಗೆ. ಮಂಡಿಯೂರಿದ, ಮುಷ್ಟಿ ಮಾತ್ರ ನೆಲಕ್ಕೆ ತಾಗಗೊಡಲಿಲ್ಲ.

ಆಗ ಒಂದು ದನಿ ಕೇಳಿತು. ಅದು ಶಿವಾನಿಯದೆಂದು ನನಗೆ ಗೊತ್ತಾಗಲಿಲ್ಲ, ಏಕೆಂದರೆ ಆ ದನಿಯನ್ನು ನಾನು ಎಂದೂ ಕೇಳಿರಲಿಲ್ಲ.

"ಬ್ಯಾಡ! ಹೊಡಿಬ್ಯಾಡ್ರಿ!"

ಜನರ ಕಾಲುಗಳ ನಡುವೆ ನುಸುಳಿ ಮುದುಕನ ಮುಂದೆ ಬಂದಿದ್ದಳು. ಕಾಲೂರಿ, ಮೊಣಕಾಲು ಬಗ್ಗಿಸಿ, ನಾನು ಕಲಿಸಿದ ಹಾಗೆಯೇ ನಿಂತಿದ್ದಳು. ಎರಡೂ ಕೈ ಮೇಲೆ. ಎಡಗೈ ಕೂಡ. ಮೂರನೆಯ ಏಟು ಆಗಲೇ ಗಾಳಿಯಲ್ಲಿತ್ತು. ಅದು ಅವಳ ಎಡ ಮುಂಗೈಗೆ ಬಿದ್ದು, ಕಬ್ಬು ಎರಡು ತುಂಡಾಯಿತು.

ಅವಳು ಅಳಲಿಲ್ಲ. ನನ್ನ ಕಡೆ ತಿರುಗಿದಳು. ಶೀಟಿ ಇನ್ನೂ ನನ್ನ ಬಾಯಲ್ಲೇ ಇತ್ತು.

"ಮ್ಯಾಡಮ್, ನೀವು ತಪ್ಪ ಹೇಳ್ಲತ್ತೀರಿ! ಇವ್ರು ಸಂಗಯ್ಯನೋರು, ನಮ್ಮ ಮನಿ ಅಯ್ನೋರು. ನನ್ನ ಶಿವದಾರ ಹರದಿತ್ತು, ನಾನೇ ಕಟ್ಟಿಕೊಡ್ರಿ ಅಂದೀನಿ. ಅವರ ಕೈಯಾಗ ನನ್ನ ಲಿಂಗ ಅದ!"

ನಾಚಿಕೆಯ ಮಾತು, ಆದರೂ ಬರೆಯುತ್ತೇನೆ. ಅವಳು ಅಷ್ಟು ಹೇಳಿದ ಮೇಲೂ ನನಗೆ ಮೊದಲು ಹೊಳೆದದ್ದು, ಮಗುವಿಗೆ ಮಂಕು ಹಿಡಿಸಿದ್ದಾನೆ ಎಂದು. ಆಮೇಲೆ ಮುದುಕನ ಮುಷ್ಟಿ ನೋಡಿದೆ. ಎದೆಗೆ ಅಂಟಿದ ಆ ಎಡಗೈ. ಆರು ತಿಂಗಳಿಂದ ದಿನಾ ನೋಡುತ್ತಿದ್ದ ಎಡಗೈ. ಅದು ಅಂಜಿಕೆಯ ಕೈ ಆಗಿರಲೇ ಇಲ್ಲ. ಕೆಳಗೆ ಬೀಳಬಾರದ್ದನ್ನು ಹಿಡಿದ ಕೈ ಅದು.

"ಸೋಡಾ! ಬಿಡ್ರಿ! ತಪ್ಪ ನಂದು!" ನಾನು ಕೂಗಿದೆ. ಶೀಟಿಗೆ ಓಡಿ ಬಂದ ಜನ ಮಾತಿಗೆ ಅಷ್ಟು ಬೇಗ ಹಿಂದೆ ಸರಿಯಲಿಲ್ಲ. ಒಬ್ಬ ನನ್ನ ಕಿವಿಯಲ್ಲಿ, "ಮ್ಯಾಡಮ್, ಇನ್ನೊಮ್ಮೆ ಛಲೋ ನೋಡ್ರಿ, ಖರೇನೇ ಅಂವಾ ಅಲ್ಲೇನು?" ಎಂದ. ಮಗುವಿನ ಕೈ ಊದುತ್ತಿರುವುದನ್ನು ಚಹಾದವನು ನೋಡಿ, "ಲೇಕರಾಲಾ ಲಾಗಲಂ, ಕೂಸಿಗಿ ಬಡಿತಲೇ" ಎಂದು ಚೀರಿದ ಮೇಲೆ ಗುಂಪು ಸಡಿಲಾಯಿತು. ಪೊಲೀಸರು ಬರುವಷ್ಟರಲ್ಲಿ ಹೊಡೆದವನಿರಲಿಲ್ಲ, ಟ್ರ್ಯಾಕ್ಟರ್ ಇರಲಿಲ್ಲ, ಕಬ್ಬಿನ ಎರಡು ತುಂಡು ಬಿದ್ದಿದ್ದವು. "ಮೊದಲ ಶೀಟಿ ಊದಿದವರ್ಯಾರು?" ಎಂದು ಹವಾಲ್ದಾರ ಕೇಳಿದ. ಉಳಿದಿದ್ದವರೆಲ್ಲ ನನ್ನ ಕಡೆ ನೋಡಿದರು.

ದವಾಖಾನೆಯಲ್ಲಿ ಕೈಗೆ ಪ್ಲಾಸ್ಟರ್ ಹಾಕುವಾಗ ಶಿವಾನಿ ಉಳಿದದ್ದನ್ನು ಹೇಳಿದಳು. ಲಿಂಗ ಮೈಮೇಲಿಂದ ಇಳಿಸಬಾರದೆಂದು ಆಯಿ. ಕೊರಳಲ್ಲಿ ಇರಬಾರದೆಂದು ನಾನು. ಇಬ್ಬರಿಗೂ ಎದುರಾಡಲಾರದೆ ಅವಳು ದಿನಾ ತೋಳಿಗೆ ಬಿಗಿದು ಕಟ್ಟಿ, ಅಂಗಿಯ ತೋಳಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ಜಾರಿ ಬಿದ್ದೀತೆಂದು ತೋಳನ್ನು ಪಕ್ಕೆಗೆ ಒತ್ತಿ, ಮುಷ್ಟಿಯನ್ನು ಎದೆಗೆ ಹಿಡಿಯುತ್ತಿದ್ದಳು. ತರಗತಿ ಮುಗಿದ ಮೇಲೆ ಮತ್ತೆ ಕೊರಳಿಗೆ. ಕಟ್ಟಿ ಬಿಚ್ಚಿ ದಾರ ಸವೆದು ಅಂದು ಹರಿದಿತ್ತು. ವರ್ಷಕ್ಕೊಮ್ಮೆ ಮನೆಮನೆಗೆ ಹೊಸ ಶಿವದಾರ ತಂದು ಕೊಡುವ ಸಂಗಯ್ಯನವರು ಅದೇ ಹೊತ್ತಿಗೆ ಆ ದಾರಿಯಲ್ಲಿ ಬಂದಿದ್ದರು. ಆಯಿಗೆ ತಿಳಿಯುವ ಮುಂಚೆ ಸರಿಮಾಡಿಸಿಕೊಳ್ಳಬೇಕೆಂದು ಅವಳೇ ಕರೆದಿದ್ದಳು.

"ಮೊದಲ ಯಾಕ ಹೇಳಲಿಲ್ಲವ?" ಎಂದೆ.

"ನೀವು ಕೇಳಿದ್ದು ಯಾರ ಕಟ್ಟ್ಯಾರ ಅಂತ. ನಾನೇ ಕಟ್ಕೊಂಡಿದ್ದೆ."

ಆಯಿ ಮಂಚದ ಪಕ್ಕದಲ್ಲೇ ಇದ್ದರು. ಮೊಮ್ಮಗಳ ಹಣೆಯ ಕೂದಲು ಹಿಂದೆ ಸರಿಸಿದರು. ಬೈದಿದ್ದರೆ ಹಗುರಾಗುತ್ತಿತ್ತು.

ಇನ್ನು ಶಿವಾನಿ ಬರುವುದಿಲ್ಲ ಎಂದುಕೊಂಡಿದ್ದೆ. ಪ್ಲಾಸ್ಟರ್ ಬಿಚ್ಚಿದ ವಾರವೇ ಬಂದಳು. ಸಾಲಿನಲ್ಲಿ ನಿಂತು, ಕೊರಳು ಮುಟ್ಟಿಕೊಂಡು, ಎಲ್ಲರೆದುರಿಗೆ ಹೇಳಿದಳು: "ಮ್ಯಾಡಮ್, ನಾ ಇದನ್ನ ತೆಗಿಯಂಗಿಲ್ಲ. ಮ್ಯಾಲ ಪಟ್ಟಿ ಸುತ್ತಿ ಎದಿಗಿ ಕಟ್ಟಿ ಬಂದೀನಿ. ಯಾರ ಕೈಗೂ ಸಿಗಂಗಿಲ್ಲ. ಬೇಕಾದ್ರ ಎಳದ ನೋಡ್ರಿ." ಎಳೆದು ನೋಡಿದೆ. ಸಿಗಲಿಲ್ಲ. ಮೂವತ್ತು ವರ್ಷದಲ್ಲಿ ನನಗಾಗಲಿ ನನ್ನ ಮಾಸ್ತರರಿಗಾಗಲಿ ಹೊಳೆಯದ ಉಪಾಯ. ಅಂದಿನಿಂದ ನನ್ನ ತರಗತಿಯ ಮೊದಲ ಪಾಠ ಬೇರೆಯಾಯಿತು. ಹೊಸ ಮಗುವಿಗೆ ನಾನೇ ಒಂದು ಬೇಡದ ಕೆಲಸ ಹೇಳುತ್ತಿದ್ದೆ. ಮಗು ನನ್ನ ಮುಖ ನೋಡಿ "ಆಗಲ್ಲ" ಎನ್ನಬೇಕು, ಯಾಕೆ ಎಂದೂ ಹೇಳಬೇಕು. ಹೊರಗಿನವರ ಮೇಲೆ ಕೂಗಲು ಕಲಿಸುವುದು ಆಮೇಲೆ.

ನಿವೃತ್ತಿಯಾದ ಮೇಲೆ ಸಂಗಯ್ಯನವರ ಊರಿಗೆ ಹೋದೆ. ಒಬ್ಬಳೇ ಹೋಗುವ ಧೈರ್ಯವಿರಲಿಲ್ಲ. ಶಿವಾನಿ, ಅವಳ ಆಯಿ ಜೊತೆಗಿದ್ದರು. ಸಂಗಯ್ಯನವರು ಕಟ್ಟೆಯ ಮೇಲೆ ದಾರ ಹೊಸೆಯುತ್ತ ಕೂತಿದ್ದರು. ಒಂದು ಹೆಗಲು ಕೊಂಚ ಇಳಿದಿತ್ತು. ನಾನು ಕಾಲು ಮುಟ್ಟಿದೆ. ತಪ್ಪಾಯಿತು ಎನ್ನಲು ಬಾಯಿ ತೆರೆದರೆ ಅವರು ತಡೆದರು.

"ಕೂಸಿನ ಮ್ಯಾಲ ಕಣ್ಣಿಟ್ಟಿದ್ದಿ ತಾಯಿ, ಅದು ತಪ್ಪಲ್ಲ. ಕೇಳಲಿಲ್ಲ ನೋಡು, ಅದು ತಪ್ಪು. ಉಮರ್ಗಾಕ ಈಗ ನಾ ಹೋಗಂಗಿಲ್ಲ. ಯಾರರ ಶೀಟಿ ಊದಿದ್ರ ಕಾಲ ನಡಗ್ತಾವ." ನನ್ನ ಕೊರಳ ಕಡೆ ನೋಡಿ ಕೇಳಿದರು: "ನಿನ್ನ ಕೊಳ್ಳಾಗ ಏನದ?"

"ಏನಿಲ್ರಿ. ಕಪಾಟಿನ್ಯಾಗ ಇಟ್ಟಿದ್ದೆ. ಇವತ್ತ ತಂದೀನಿ."

ಪರ್ಸಿನಿಂದ ತೆಗೆದು ಕೊಟ್ಟೆ. ಅವರು ಹೊಸ ದಾರಕ್ಕೆ ಪೋಣಿಸಿ, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಎರಡೂ ಕೈಯನ್ನು ನನ್ನ ಕೊರಳ ಕಡೆ ತಂದರು. ನನ್ನ ಕೈ ನನ್ನನ್ನು ಕೇಳದೆ ಎದ್ದಿತು. ಮುಂಗೈ ಅವರ ಮಣಿಕಟ್ಟಿಗೆ ಅಡ್ಡ ಬಂದು ನಿಂತಿತು. ಇನ್ನೊಂದು ಗೇಣು ಮುಂದೆ ಹೋಗಿದ್ದರೆ ಹೊಡೆದೇ ಬಿಡುತ್ತಿದ್ದೆ. ಸಂಗಯ್ಯನವರು ದಾರ ಕಚ್ಚಿಕೊಂಡೇ ಸ್ತಬ್ಧರಾದರು. ಅವರ ಕಣ್ಣಲ್ಲಿ ಆ ಸಂಜೆ ಮತ್ತೆ ಕಂಡಿತು.

ಶಿವಾನಿ ಬಂದು ನನ್ನ ಪಕ್ಕ ನಿಂತಳು.

"ಮ್ಯಾಡಮ್," ಅಂದಳು, "ಕೈ ಕೆಳಗ."

ಇಳಿಸಿದೆ. ಸ್ವಲ್ಪ ಹೊತ್ತು ಹಿಡಿಯಿತು.